ನನ್ನ ಅಂಗಡಿಯಲ್ಲಿ ಕೆಲಸ ಕಲಿತವಳು

ವೀಣಾಳನ್ನು ಯಾರಾದರೂ ಹೊಗಳಿದರೆ ನನಗೆ ಹೊಟ್ಟೆಯಲ್ಲಿ ಉರಿ ಏಳುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವಳ ಕಥೆ ಬರೆಯಲು ಹೊನ್ನಾವರದಲ್ಲಿ ನನಗಿಂತ ಯೋಗ್ಯ ಮನುಷ್ಯ ಇಲ್ಲ. ಅವಳನ್ನು ನನ್ನಷ್ಟು ಗಮನವಿಟ್ಟು ನೋಡಿದವರು ಬೇರೆ ಯಾರೂ ಇಲ್ಲ. ಹೆತ್ತ ತಾಯಿಯೂ ಅಷ್ಟು ನೋಡಿರಲಿಕ್ಕಿಲ್ಲ. ತಾಯಿಗೆ ಬೇರೆ ಕೆಲಸ ಇರುತ್ತದೆ. ಹೊಟ್ಟೆಕಿಚ್ಚು ಪಡುವವನಿಗೆ ಇದೇ ಕೆಲಸ.

ನಾನು ಗುರುದತ್ತ. ಹೊನ್ನಾವರದ ಪೇಟೆಯಲ್ಲಿ ನಮ್ಮ ಅಪ್ಪ ತೆರೆದ ಪುಸ್ತಕದಂಗಡಿಗೆ ಈಗ ಐವತ್ತೆರಡು ವರ್ಷ. ವೀಣಾ ಮಾವಿನಕುರ್ವೆಯವಳು. ಅವಳ ತಾಯಿ ಕಮಲಿ ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುತ್ತಿದ್ದಳು. ನಮ್ಮ ಮನೆಯೂ ಅವಳ ಖಾಯಂ ಮನೆಗಳಲ್ಲಿ ಒಂದು. ಕಮಲಿಯ ಬುಟ್ಟಿಯಲ್ಲಿ ಮೇಲೆ ಕಾಣುವ ಮೀನು ದಾರಿಯಲ್ಲಿ ಕೂಗಿ ಕೇಳುವವರಿಗೆ. ಅಡಿಯಲ್ಲಿ, ಎಲೆ ಮುಚ್ಚಿಟ್ಟದ್ದು ಗೊತ್ತಿದ್ದ ಮನೆಗಳಿಗೆ. ನನ್ನ ಅಮ್ಮನಿಗೆ ಸಣ್ಣ ಬಂಗಡೆ ಇಷ್ಟ, ಪಕ್ಕದ ಮನೆಯವರಿಗೆ ತಾರ್ಲೆ, ಅದರಾಚೆಯ ಮನೆಯಲ್ಲಿ ಸೋಮವಾರ ಮತ್ತು ಶನಿವಾರ ಮೀನಿನ ಮಾತೇ ಎತ್ತಬಾರದು. ಇದೆಲ್ಲ ಅವಳ ತಲೆಯಲ್ಲಿ ಇರುತ್ತಿತ್ತು. ಕೆಲವು ದಿನ ಬುಟ್ಟಿ ಇಳಿಸುವ ಮೊದಲೇ, "ಅಮ್ಮಾ, ಇವತ್ತು ತಕಳುದು ಬ್ಯಾಡ. ಮೀನು ನಿನ್ನೇದು" ಎಂದು ಹೇಳಿ ಹೋಗಿಬಿಡುತ್ತಿದ್ದಳು. ನಮ್ಮಪ್ಪ ನಗುತ್ತಿದ್ದರು. ವ್ಯಾಪಾರ ಗೊತ್ತಿಲ್ಲದ ಹೆಂಗಸು ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಮಗಳು ಪಿಯುಸಿ ಮುಗಿಸಿದಾಗ ಕಮಲಿಯೇ ಬಂದು ಕೆಲಸ ಕೇಳಿದಳು. "ಮೀನಿನ ವಾಸನೆ ಸಾಕು ಅಂತದೆ ಹುಡುಗಿ. ಪುಸ್ತಕದ ವಾಸನೆ ಆಗ್ತದಂತೆ. ನಿಮ್ಮ ಅಂಗಡಿಲಿ ಇರ್ಲಿ" ಎಂದಳು. ವೀಣಾ ಒಂಬತ್ತು ವರ್ಷ ನನ್ನಲ್ಲಿ ಕೆಲಸ ಮಾಡಿದಳು. ಪುಸ್ತಕಗಳ ಧೂಳು ಹೊಡೆಯಲು ಹೇಳಿದರೆ ಒಂದು ಕೈಯಲ್ಲಿ ಬಟ್ಟೆ, ಇನ್ನೊಂದು ಕೈಯಲ್ಲಿ ತೆರೆದ ಪುಸ್ತಕ. ಧೂಳು ಅಲ್ಲಿಯೇ ಇರುತ್ತಿತ್ತು, ಪುಸ್ತಕ ಮಾತ್ರ ಮುಗಿದಿರುತ್ತಿತ್ತು. ಅದನ್ನಾದರೂ ಸಹಿಸಬಹುದಾಗಿತ್ತು. ಒಂದು ಶನಿವಾರ ನಮ್ಮ ಖಾಯಂ ಗಿರಾಕಿ ಲಿಂಗಪ್ಪ ಮಾಸ್ತರರು ದಪ್ಪದೊಂದು ಕಾದಂಬರಿ ಕೈಗೆತ್ತಿಕೊಂಡಾಗ ಇವಳು ನನ್ನ ಎದುರೇ, "ಮಾಸ್ತರೇ, ಅದು ನಿಮಗೆ ಆಗುದಿಲ್ಲ. ಐವತ್ತು ಪುಟ ಆದ ಮೇಲೆ ಬರೀ ನೀರು" ಎಂದುಬಿಟ್ಟಳು. ಅವರು ಪುಸ್ತಕವನ್ನು ಕಪಾಟಿಗೆ ಸೇರಿಸಿ ಖಾಲಿ ಕೈಯಲ್ಲಿ ಮನೆಗೆ ಹೋದರು.

ನಾನು ಅವಳಿಗೆ ಸಿಕ್ಕಾಪಟ್ಟೆ ಬೈದೆ. ಉಪ್ಪು ತಿಂದ ಮನೆಗೆ ಎರಡು ಬಗೆಯುವವಳು ಎಂದೆ. ತಿಂಗಳು ಮುಗಿದ ದಿನ, "ದತ್ತಣ್ಣ, ನಾಳೆಯಿಂದ ಬರುದಿಲ್ಲ" ಎಂದು ಹೇಳಿ, ಕೀಲಿಕೈ ಮೇಜಿನ ಮೇಲಿಟ್ಟು ಹೋದಳು. ಬಸ್ ಸ್ಟ್ಯಾಂಡಿನ ಹತ್ತಿರ ದರ್ಜಿಯ ಅಂಗಡಿಯ ಪಕ್ಕ ಹತ್ತಡಿಯ ಒಂದು ಕೋಣೆ ಹಿಡಿದು ಪುಸ್ತಕ ಇಟ್ಟಳಂತೆ ಎಂದು ಕೇಳಿದಾಗ ನಾನು ಜೋರಾಗಿ ನಕ್ಕೆ. ಆರು ತಿಂಗಳಲ್ಲಿ ಬುಟ್ಟಿ ಹೊರುತ್ತಾಳೆ ಎಂದು ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದೆ. ಹಾಗೆ ಹೇಳಿ ಏಳು ವರ್ಷವಾಯಿತು.

ಲಿಂಗಪ್ಪ ಮಾಸ್ತರರ ವಿಷಯ ಇಲ್ಲಿಯೇ ಹೇಳಬೇಕು. ಹೈಸ್ಕೂಲಿನ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಇಪ್ಪತ್ತಾರು ವರ್ಷ ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ನನ್ನ ಅಂಗಡಿಗೆ ಬಂದು, ಮುಂದಿನ ಬೆಂಚಿನ ಮೇಲೆ ಕೂತು, ಎದುರಿನ ಹೋಟೆಲಿನ ಚಾ ಕುಡಿದು, ಓದಿದ ಪುಸ್ತಕವನ್ನು ಬಾಯಿತುಂಬ ಬೈಯುತ್ತಿದ್ದರು. ನನಗೆ ಬಂಧುಗಳು ಇದ್ದಾರೆ, ಗಿರಾಕಿಗಳು ಇದ್ದಾರೆ. ಗೆಳೆಯ ಅಂತ ಇದ್ದದ್ದು ಅವರೊಬ್ಬರೇ. ಅವರು ಬರುತ್ತಾರೆ ಎಂದೇ ಶನಿವಾರ ನಾನು ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದೆ. ಇದನ್ನು ಯಾರಿಗೂ ಹೇಳಿದವನಲ್ಲ.

ಮೂರು ವರ್ಷದ ಹಿಂದೆ ಕುಮಟಾದಲ್ಲಿ ಹೆದ್ದಾರಿ ಬದಿಗೆ ದೊಡ್ಡ ಪುಸ್ತಕ ಮಳಿಗೆ ಬಂತು. ಊರೂರಿಗೂ ಶಾಖೆ ಇರುವ ಕಂಪನಿ. ಎರಡು ಮಹಡಿ, ಎ.ಸಿ., ಮಕ್ಕಳಿಗೆ ಆಟದ ಮೂಲೆ, ಯಾವಾಗ ನೋಡಿದರೂ ರಿಯಾಯಿತಿ. ನನಗೆ ನಡುಕ ಹುಟ್ಟಿತು. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತು ಎನ್ನುತ್ತಾರಲ್ಲ, ಆ ನರಿ ನಾನೇ. ಅಂಗಡಿಗೆ ಗಾಜು ಹಾಕಿಸಿದೆ, ಎ.ಸಿ. ಕೂರಿಸಿದೆ, ಬಾಗಿಲಿಗೆ ರಿಯಾಯಿತಿಯ ಬೋರ್ಡು ತೂಗಿಸಿದೆ. ಮುಂದಿದ್ದ ಬೆಂಚು ತೆಗೆಸಿ, ಆ ಜಾಗದಲ್ಲಿ ಗೊಂಬೆ, ಕೀಚೈನು, ಬಣ್ಣದ ಬಾಟಲಿ ನೇತುಹಾಕುವ ತಿರುಗುವ ಸ್ಟ್ಯಾಂಡ್ ಇಟ್ಟೆ.

ಆ ಶನಿವಾರ ಲಿಂಗಪ್ಪ ಮಾಸ್ತರರು ಬಂದವರು ಗಾಜಿನ ಬಾಗಿಲು ಎಳೆಯಬೇಕೋ ತಳ್ಳಬೇಕೋ ಎಂದು ಸ್ವಲ್ಪ ಹೊತ್ತು ನಿಂತರು. ಒಳಗೆ ಬಂದು ಅತ್ತಿತ್ತ ನೋಡಿದರು. ನಿಂತುಕೊಂಡೇ ಚಾ ಕುಡಿದರು. "ಚಂದ ಮಾಡಿದ್ಯೋ ಗುರುದತ್ತ. ಚಳಿ ಆಗ್ತದೆ ಅಷ್ಟೇ" ಎಂದು ಹೇಳಿ ಹೊರಟರು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನ ಶನಿವಾರ ನಾನು ಏನೋ ನೆವ ಮಾಡಿ ಬಸ್ ಸ್ಟ್ಯಾಂಡಿನ ಕಡೆ ಹೋದೆ. ವೀಣಾಳ ಅಂಗಡಿಯ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೈಯಲ್ಲಿ ಗ್ಲಾಸು ಹಿಡಿದು, ಮಾಸ್ತರರು ನಗುತ್ತಿದ್ದರು. ನನ್ನ ಅಂಗಡಿಯಲ್ಲಿ ಅವರು ಅಷ್ಟು ಗಟ್ಟಿಯಾಗಿ ನಕ್ಕದ್ದು ನೆನಪಿಲ್ಲ. ನಾನು ಇಸ್ತ್ರಿ ಮಾಡಿದ ಅಂಗಿಯಲ್ಲಿ ದರ್ಜಿಯ ಅಂಗಡಿಯ ಮರೆಯಲ್ಲಿ ನಿಂತಿದ್ದೆ.

ಗಿರಾಕಿ ಹೋದರೆ ಇನ್ನೊಬ್ಬ ಬರುತ್ತಾನೆ. ಲಿಂಗಪ್ಪ ಮಾಸ್ತರರನ್ನು ಮಾತ್ರ ನನಗೆ ವಾಪಸ್ಸು ಬೇಕಿತ್ತು. ಅವತ್ತಿನಿಂದ ಅವಳ ಅಂಗಡಿ ಕಾಯುವುದೇ ನನ್ನ ಕೆಲಸವಾಯಿತು. ಕಾದು ಕಂಡದ್ದೇನು? ಅವಳು ತಾಯಿಯ ಮೀನು ವ್ಯಾಪಾರವನ್ನೇ ಮಾಡುತ್ತಿದ್ದಳು, ಬುಟ್ಟಿಯಲ್ಲಿ ಪುಸ್ತಕ ಇತ್ತು ಅಷ್ಟೇ. ಯಾರೇ ಬರಲಿ, ಪುಸ್ತಕದ ನಡುವಿನ ಒಂದು ಪುಟ ತೆರೆದು ಕೈಗೆ ಕೊಟ್ಟು, "ಇಲ್ಲಿ ಒಂದು ಪುಟ ಓದಿ ನೋಡಿ. ಕಿವಿರು ನೋಡ್ದೆ ಬಂಗಡೆ ತಕಂತ್ರಾ?" ಎನ್ನುತ್ತಾಳೆ. ಮೇಜಿನ ಕೆಳಗೆ ಅವರವರಿಗೆ ಎಂದು ತೆಗೆದಿಟ್ಟ ಪುಸ್ತಕಗಳು. ಬ್ಯಾಂಕಿನ ಚಂದನಾಗೆ ಒಂದು, ಬೆಳಕೆಯ ಅಂಗನವಾಡಿ ಟೀಚರು ದೇವಿಗೆ ಒಂದು, ತದಡಿಯ ಬೋಟಿನ ರಾಜೇಶನಿಗೆ ಒಂದು.

ಬೋಟಿನವರ ಸಂಗತಿ ನನ್ನನ್ನು ಇನ್ನೂ ಚುಚ್ಚಿತು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬಲೆ ಹೊಲಿಯುವುದು ಬಿಟ್ಟರೆ ಗಂಡಸರಿಗೆ ಕೆಲಸವಿಲ್ಲ. ಆ ಎರಡು ತಿಂಗಳು ನಾನು ಶಾಲೆ ಮಕ್ಕಳ ನೋಟ್‌ಬುಕ್ಕಿನ ರಾಶಿಯಲ್ಲಿ ಮುಳುಗಿರುತ್ತೇನೆ. ಅವಳು ಎರಡು ಚೀಲ ಪುಸ್ತಕ ಹಿಡಿದು ಬಸ್ಸು ಹತ್ತಿ ತದಡಿಗೆ ಹೋಗುತ್ತಾಳೆ. ಬಲೆ ಹೊಲಿಯುವ ಚಪ್ಪರದಲ್ಲಿ ಒಬ್ಬ ಗಟ್ಟಿಯಾಗಿ ಓದುತ್ತಾನೆ, ಹತ್ತು ಜನ ಹೊಲಿಯುತ್ತಾ ಕೇಳುತ್ತಾರೆ. ಆಗಸ್ಟಿನಲ್ಲಿ ಬೋಟು ಹೊರಟಾಗ ಅವರ ಚೀಲದಲ್ಲಿ ಪುಸ್ತಕ. ಮೀನು ಹಿಡಿಯುವವರು ಓದುತ್ತಾರೆ ಎಂದು ಐವತ್ತೆರಡು ವರ್ಷ ನಮ್ಮ ಅಂಗಡಿಗೆ ಹೊಳೆದಿರಲಿಲ್ಲ. ಕುಮಟಾದ ಕಂಪನಿಗೂ ಹೊಳೆಯಲಿಲ್ಲ. ನನಗಾದರೂ ಹೊಳೆಯಬೇಕಿತ್ತು. ನಾಲ್ಕು ಹೆಜ್ಜೆ ದೂರದ ಕಡಲನ್ನು ದಿನಾ ನೋಡುವವನು ನಾನು.

ಆ ಕುಮಟಾದ ಮಳಿಗೆಗೂ ಒಮ್ಮೆ ಹೋಗಿ ಬಂದೆ. ಹೊಸದೊಂದು ಕನ್ನಡ ಪುಸ್ತಕ ಕೇಳಿದೆ. ಎದೆಯ ಮೇಲೆ ಧನ್ಯಾ ಎಂದು ಹೆಸರಿನ ಬಿಲ್ಲೆ ಹಾಕಿಕೊಂಡಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ಸರ್, ಸ್ಟಾಕ್ ತೋರಿಸುದಿಲ್ಲ. ಮೇಲಿನವರು ಕಳಿಸಿದ್ರೆ ಬರ್ತದೆ" ಎಂದಳು. ಬಹಳ ವಿನಯದ ಹುಡುಗಿ. ಅವರಿಗೆ ಯಾವ ಪುಸ್ತಕ ಬರಬೇಕು ಎನ್ನುವುದನ್ನು ಯಾವುದೋ ದೂರದ ಊರಿನಲ್ಲಿ ಕೂತವರು ನಿರ್ಧರಿಸುತ್ತಿದ್ದರು. ಕನ್ನಡದ ಹೊಸ ಪುಸ್ತಕ ನಮಗೆ ಬಂದು ವಾರ ಕಳೆದ ಮೇಲೆ ಅವರಿಗೆ. ಆ ಒಂದು ವಾರವೇ ನಮ್ಮಂಥ ಸಣ್ಣವರ ಅನ್ನ.

ಅಂಥದೊಂದು ವಾರದಲ್ಲಿ ನಾನು ಮಾಡಬಾರದ್ದನ್ನು ಮಾಡಿದೆ.

ಕಳೆದ ವರ್ಷ ಚೌತಿ ಮುಗಿದು ಹತ್ತು ದಿನವಾಗಿತ್ತು. ನಮ್ಮ ಜಿಲ್ಲೆಯವರೇ ಬರೆದ ಹೊಸ ಕಾದಂಬರಿಯೊಂದು ಬರುವುದಿತ್ತು. ಹೆಸರು ಇಲ್ಲಿ ಬೇಡ. ನಮ್ಮ ಕಡಲು, ನಮ್ಮ ಬಂದರು ಅದರಲ್ಲಿದೆಯಂತೆ ಎಂದು ಎಲ್ಲರಿಗೂ ಕುತೂಹಲ. ಹುಬ್ಬಳ್ಳಿಯ ವಿತರಕರು ನನ್ನ ಕಟ್ಟನ್ನೂ ವೀಣಾಳ ಕಟ್ಟನ್ನೂ ಒಂದೇ ಮೂಟೆಯಲ್ಲಿ ಹಾಕಿ, ನನ್ನ ಹೆಸರಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದರು. ಎರಡು ಮೂಟೆ ಬೇರೆ ಬೇರೆ ಕಳಿಸಿದರೆ ಬಾಡಿಗೆ ಹೆಚ್ಚು, ಹಳೇ ಅಂಗಡಿ ಎಂದು ನನ್ನ ಹೆಸರು. ಬುಧವಾರ ಮೂಟೆ ಬಂತು. ಬಿಚ್ಚಿದೆ. ನನ್ನ ಹೆಸರಿನ ಕಟ್ಟು ಒಂದು, ಅವಳ ಹೆಸರಿನ ಕಟ್ಟು ಒಂದು. ಅವಳದ್ದು ನನ್ನದಕ್ಕಿಂತ ದಪ್ಪ.

ಆ ದಪ್ಪ ನೋಡಿದ್ದೇ ನನಗೆ ತಡೆಯಲಾಗಲಿಲ್ಲ. ಗುರುವಾರ ಸಿಗುತ್ತದೆ ಎಂದು ಅವಳು ಎಲ್ಲರಿಗೂ ಮಾತು ಕೊಟ್ಟಿದ್ದಾಳೆ ಎಂದು ನನಗೆ ಗೊತ್ತಿತ್ತು. ಮಾಸ್ತರರಿಗೂ ಕೊಟ್ಟಿದ್ದಳು. ಒಮ್ಮೆ ಅವಳ ಮಾತು ತಪ್ಪಲಿ, ಎಲ್ಲರೂ ಅವಳ ಖಾಲಿ ಕೈ ನೋಡಲಿ, ಮಾಸ್ತರರು ನನ್ನ ಬಾಗಿಲಿಗೆ ಬರಲಿ. ಅವಳ ಕಟ್ಟನ್ನು ಹಳೇ ಗೈಡುಗಳ ಹಿಂದೆ ತಳ್ಳಿ, ಮೇಲೆ ಗೋಣಿ ಮುಚ್ಚಿದೆ. ನನ್ನ ಕಟ್ಟಿನ ಪುಸ್ತಕಗಳನ್ನು ಗಾಜಿನೊಳಗೆ ಸಾಲಾಗಿ ಜೋಡಿಸಿದೆ.

ಸಂಜೆ ವೀಣಾಳ ಫೋನು ಬಂತು. "ದತ್ತಣ್ಣ, ಮೂಟೆ ಬಂತಾ?"

"ಬಂತು. ನಿನ್ನ ಕಟ್ಟು ಅದರಲ್ಲಿ ಇಲ್ಲವಲ್ಲೇ! ಬೇರೆ ಬಸ್ಸಿಗೆ ಹಾಕಿದ್ರೋ ಎಂತದೋ."

"ಆತು ದತ್ತಣ್ಣ" ಎಂದು ಫೋನಿಟ್ಟಳು. ಎಷ್ಟು ಸುಲಭ ಎಂದು ನನಗೆ ಖುಷಿಯಾಯಿತು.

ಗುರುವಾರ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬ್ಯಾಂಕಿನ ಚಂದನಾ ಬಂದಳು. ನನ್ನ ಅಂಗಡಿಯ ಮೆಟ್ಟಿಲು ಹತ್ತದೆ ಮೂರು ವರ್ಷವಾಗಿತ್ತು. ಬಂತು ನೋಡು ದಾರಿಗೆ ಎಂದುಕೊಳ್ಳುವಷ್ಟರಲ್ಲಿ ಅವಳು ಒಂದು ಚೀಟಿ ಕೊಟ್ಟಳು. "ದತ್ತಣ್ಣ, ಇವರಿಗೆ ಒಂದು ಕೊಡಿ. ನನ್ನಲ್ಲಿ ಇನ್ನೂ ಬರಲಿಲ್ಲ. ವೀಣಾ." ಅರ್ಧ ಗಂಟೆಯಲ್ಲಿ ಇನ್ನೊಬ್ಬರು, ಇನ್ನೊಂದು ಚೀಟಿ. ಮಧ್ಯಾಹ್ನದೊಳಗೆ ಒಂಬತ್ತು ಚೀಟಿ ಬಂದವು. ತನ್ನ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ನನ್ನ ಬಾಗಿಲಿಗೆ ಕಳಿಸುತ್ತಿದ್ದಳು. ಎಷ್ಟೋ ದಿನದ ಮೇಲೆ ಅಂಗಡಿಯಲ್ಲಿ ಜನ ಸೇರಿದ್ದರು, ನನಗೆ ಮಾತ್ರ ಯಾರ ಮುಖವನ್ನೂ ನೋಡಲಾಗಲಿಲ್ಲ. ಗೈಡುಗಳ ಕಡೆ ಯಾರಾದರೂ ಒಂದು ಹೆಜ್ಜೆ ಇಟ್ಟರೆ ಎದ್ದು ಅಡ್ಡ ನಿಲ್ಲುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ.

ಶುಕ್ರವಾರ ಲಿಂಗಪ್ಪ ಮಾಸ್ತರರು ಗಾಜಿನ ಬಾಗಿಲು ತಳ್ಳಿದರು. ನಾನು ಎದ್ದು ನಿಂತೆ. ನಗು ತಾನಾಗಿ ಬಂತು. ಅವರು ಜೇಬಿನಿಂದ ಚೀಟಿ ತೆಗೆದರು.

"ವೀಣಾ ಹೇಳ್ತು, ದತ್ತಣ್ಣನಲ್ಲಿ ಉಂಟು, ಹೋಗಿ ತಕಂಬನ್ನಿ ಅಂತ. ಇಲ್ಲದಿದ್ರೆ ನಾನು ಕಾಯ್ತಿದ್ದೆ" ಎಂದರು. ಪುಸ್ತಕ ಕೈಗೆ ಸಿಕ್ಕಿದ್ದೇ ನಡುವಿನ ಪುಟ ತೆರೆದು ನಿಂತಲ್ಲೇ ಓದಿದರು. ಅವಳು ಕಲಿಸಿದ ಚಾಳಿ. ನನ್ನ ಕುರ್ಚಿ ಎಳೆದು "ಕೂತ್ಕೊಳ್ಳಿ ಮಾಸ್ತರೇ, ಚಾ ತರಿಸ್ತೆ" ಎಂದೆ. "ಇಲ್ಲ ಮಾರಾಯ, ಮನೆಗೆ ಹೋಗಿ ಓದ್ಬೇಕು" ಎಂದು ಹೊರಟೇಬಿಟ್ಟರು. ನನ್ನ ಅಂಗಡಿಗೆ ಅವರನ್ನು ಕರೆದು ತರಲಿಕ್ಕೂ ಅವಳ ಚೀಟಿ ಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯಿತು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಕಟ್ಟು ಪೂರ್ತಿ ಖಾಲಿ. ಮೂರೂವರೆಗೆ ಬೆಳಕೆಯ ದೇವಿ ಬಂದಳು. ಎರಡು ಬಸ್ಸು ಬದಲಿಸಿ, ಮಳೆಯಲ್ಲಿ ಸೀರೆಯ ಅಂಚು ನೆನೆಸಿಕೊಂಡು. ಚೀಟಿ ಒದ್ದೆಯಾಗದ ಹಾಗೆ ಮೊಬೈಲಿನ ಕವರಿನೊಳಗೆ ಇಟ್ಟಿದ್ದಳು.

"ಮುಗಿತು" ಎಂದೆ.

"ಅಯ್ಯೋ. ಒಂದೂ ಇಲ್ಯಾ ಅಣ್ಣ? ಹಾಂಗಾದ್ರೆ ಹಾಂಗೇ ಕುಮಟಾಕ್ಕೆ ಹೋಗಿ ಬತ್ತೆ. ಬರೂ ವಾರ ಅಲ್ಲಿಗೂ ಬತ್ತದೆ ಅಂಬ್ರು, ಈಗಲೇ ಬರೆಸಿಟ್ರೆ ಮನೆಗೇ ಕಳಿಸ್ತ್ರಂತೆ."

ನಾನು ಬಾಗಿಲ ತನಕ ಅವಳನ್ನು ಹೋಗಲು ಬಿಟ್ಟೆ. ಆಮೇಲೆ ಕೂಗಿ ಕರೆದೆ. ಒಳಗೆ ಹೋಗಿ, ಗೋಣಿ ಸರಿಸಿ, ವೀಣಾಳ ಕಟ್ಟಿನ ಹಗ್ಗ ಬಿಚ್ಚಿ, ಒಂದು ಪುಸ್ತಕ ತಂದುಕೊಟ್ಟೆ. "ಹಿಂದೆ ಒಂದು ಉಳ್ಕಂಡಿತ್ತು" ಎಂದೆ. ಅವಳು ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡು ಚೀಲಕ್ಕೆ ಹಾಕಿದಳು. ಅವಳು ಹೋದ ಮೇಲೆ ಅರ್ಧ ಗಂಟೆ ನಾನು ಗೈಡುಗಳ ರಾಶಿಯ ಪಕ್ಕ ನೆಲದ ಮೇಲೆ ಕೂತಿದ್ದೆ. ಬಳಿಕ ಕಟ್ಟನ್ನು ಮೊದಲಿನ ಹಾಗೆ ಬಿಗಿದು, ಹೆಗಲ ಮೇಲಿಟ್ಟು, ಆ ಗೋಣಿಯನ್ನೇ ಮೇಲೆ ಹೊದಿಸಿ, ಮಳೆಯಲ್ಲೇ ಬಸ್ ಸ್ಟ್ಯಾಂಡಿಗೆ ನಡೆದೆ.

ಶನಿವಾರ ಎನ್ನುವುದು ತಲೆಯಲ್ಲಿ ಇರಲಿಲ್ಲ. ವೀಣಾಳ ಅಂಗಡಿಯ ಎದುರು ಸೂರಿನ ಕೆಳಗೆ ಲಿಂಗಪ್ಪ ಮಾಸ್ತರರು ಕೂತಿದ್ದರು. ತಿರುಗಿ ಹೋಗೋಣವೆಂದರೆ ಅವರಾಗಲೇ ನೋಡಿಯಾಗಿತ್ತು.

"ಎಂತ ಗುರುದತ್ತ, ಹಮಾಲಿ ಕೆಲಸ ಯಾವಾಗ ಹಿಡ್ದೆ?"

ಗೋಣಿ ಸರಿಸಿ ಕಟ್ಟನ್ನು ವೀಣಾಳ ಮೇಜಿನ ಮೇಲಿಟ್ಟೆ. ಅವಳು ಕಟ್ಟನ್ನು ನೋಡಿದಳು, ಹಗ್ಗದ ಗಂಟನ್ನು ನೋಡಿದಳು. ವಿತರಕರ ಗಂಟಲ್ಲ ಅದು ಎಂದು ಒಂಬತ್ತು ವರ್ಷ ನನ್ನಲ್ಲಿ ಕಟ್ಟು ಬಿಚ್ಚಿದವಳಿಗೆ ತಿಳಿಯದೇ? ಒಂದು ಮಾತು ಸಾಕಿತ್ತು. ಆ ಮಾತಿಗೆ ನಾನು ಮಾಸ್ತರರನ್ನು ಈ ಜನ್ಮಕ್ಕೆ ಕಳೆದುಕೊಳ್ಳುತ್ತಿದ್ದೆ.

"ನನ್ನ ಕಟ್ಟು ಮಾಸ್ತರೇ" ಎಂದಳು ಅವಳು. "ತಡವಾಗಿ ಬಂತು. ದತ್ತಣ್ಣ ಪಾಪ ಈ ಮಳೆಲಿ ಹೊತ್ಕಂಡು ಬಂದ್ರು."

ಮಾಸ್ತರರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಎಷ್ಟಂದ್ರೂ ಹಳೇ ಅಂಗಡಿ" ಎಂದರು. ಗ್ಲಾಸು ಕೆಳಗಿಟ್ಟು ಎದ್ದು, ನನ್ನ ಒದ್ದೆ ಭುಜ ತಟ್ಟಿದರು. "ಬರೂ ಶನಿವಾರ ನಿನ್ನಲ್ಲಿಗೆ ಬರ್ತೆ. ಆ ಚಳಿ ಮಶೀನು ಆರಿಸಿಡು."

ಎರಡು ವರ್ಷದಿಂದ ಕಾದಿದ್ದ ಮಾತು. ಅದು ಅವಳ ಸುಳ್ಳಿನಿಂದ ನನಗೆ ಸಿಕ್ಕಿತು. ಮಾಸ್ತರರು ರಸ್ತೆ ದಾಟಿ ಮರೆಯಾದರು.

"ಕಟ್ಟು ಬುಧವಾರವೇ ಬಂದಿತ್ತು ವೀಣಾ" ಎಂದೆ.

"ಗೊತ್ತಿತ್ತು."

"ಗೊತ್ತಿತ್ತು?"

"ಎರಡೂ ಕಟ್ಟು ಒಂದೇ ಮೂಟೆಲಿ ಹಾಕಿ ವಿತರಕರು ಫೋಟೋ ಕಳಿಸ್ತ್ರಲ್ಲ, ವಾಟ್ಸಾಪಿಗೆ. ನಿಮ್ಮದು ಬಂದು ಗಾಜಿನಲ್ಲಿ ಕೂತಿದೆ. ನಂದು ದಾರಿಲಿ ಇಳ್ಕಂಡು ಹೋಯ್ತಾ?"

"ಮತ್ತೆ ಎಂತಕ್ಕೆ ಬಂದು ಕೇಳ್ಲಿಲ್ಲ? ಎಂತಕ್ಕೆ ಎಲ್ಲರನ್ನೂ ನನ್ನಲ್ಲಿಗೇ ಕಳಿಸ್ದೆ?"

ಅವಳು ಕಟ್ಟು ಬಿಚ್ಚತೊಡಗಿದಳು. "ಕೇಳಿದ್ರೆ ಜಗಳ ಆಗ್ತಿತ್ತು. ನಮ್ಮ ಜಗಳ ಮುಗಿಯೂವರೆಗೆ ಓದೂವರು ಕಾಯ್ತ್ರಾ? ಸೀದಾ ಕುಮಟಾ. ಅಲ್ಲಿಗೆ ಒಮ್ಮೆ ಹೋದವರು ನನ್ನಲ್ಲಿಗೂ ಬರೂದಿಲ್ಲ, ನಿಮ್ಮಲ್ಲಿಗೂ ಬರೂದಿಲ್ಲ. ಅಮ್ಮ ಮೀನು ಸಿಗದ ದಿನ ಎಂತ ಮಾಡ್ತಿತ್ತು, ನೆನಪಿಲ್ವಾ? ಲಕ್ಕಿನ ಕಳಿಸ್ತಿತ್ತು."

ನೆನಪಾಯಿತು. ಲಕ್ಕಿ ಇನ್ನೊಬ್ಬ ಮೀನಿನವಳು. ಕಮಲಿಗೂ ಅವಳಿಗೂ ಮಾತಿಲ್ಲ, ಬೋಟು ನಿಲ್ಲುವ ದಕ್ಕೆಯಲ್ಲಿ ಜುಟ್ಟು ಹಿಡಿದು ಜಗಳವಾಡಿದವರು. ಆದರೂ ಕೆಲವು ದಿನ ನಮ್ಮ ಅಂಗಳದಲ್ಲಿ ಲಕ್ಕಿ ಬುಟ್ಟಿ ಇಳಿಸಿ, "ಕಮಲಿ ಹೇಳಿ ಕಳಿಸ್ತು" ಎನ್ನುತ್ತಿದ್ದಳು. ಅಮ್ಮನಿಗೆ ಆಶ್ಚರ್ಯವಾಗುತ್ತಿತ್ತು.

"ಒಂದಿನ ಮೀನು ತಪ್ಪಿದ್ರೆ ಮಾರನೇ ದಿನ ಮೊಟ್ಟೆ ತಿಂತ್ರು, ಅದರ ಮಾರನೇ ದಿನ ಐಸಿನ ಮೀನಿನ ಗಾಡಿ ಹತ್ರ ಹೋಗ್ತ್ರು ಅಂತಿತ್ತು ಅಮ್ಮ. ಲಕ್ಕಿ ಕೈಯಿಂದ ತಕಂಡ್ರೂ ಅಡ್ಡಿಲ್ಲ, ಬುಟ್ಟಿ ಮೀನಿನ ರುಚಿ ತಪ್ಪಬಾರ್ದು."

ನಾನು ನಗಲು ನೋಡಿದೆ. "ಹಾಂಗಾದ್ರೆ ನಾನು ಲಕ್ಕಿ ಅಂತಾತು."

"ಲಕ್ಕಿ ಯಾವತ್ತೂ ಅಮ್ಮನ ಬುಟ್ಟಿ ಅಡಗಿಸಿಡ್ಲಿಲ್ಲ ದತ್ತಣ್ಣ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಪುಸ್ತಕಗಳನ್ನು ಎಣಿಸದೆಯೇ ಮೇಜಿನ ಕೆಳಗೆ ಜೋಡಿಸಿ, ಹಗ್ಗ ಸುತ್ತಿಟ್ಟು, ಅವಳು ಇಷ್ಟೇ ಹೇಳಿದಳು: "ಇನ್ನು ಮೇಲೆ ಮೂಟೆ ನನ್ನ ಹೆಸರಿಗೆ ಬರ್ಲಿ. ಹುಬ್ಬಳ್ಳಿಗೆ ನಾನೇ ಹೇಳ್ತೆ. ನಿಮ್ಮ ಕಟ್ಟು ನಿಮ್ಮಲ್ಲಿಗೆ ತಂದು ಕೊಡ್ತೆ."

ನಾನು ತಲೆಯಾಡಿಸಿದೆ. ಬೇರೆ ಏನು ಮಾಡಬೇಕಿತ್ತು?

ಲಿಂಗಪ್ಪ ಮಾಸ್ತರರು ಈಗ ಒಂದು ಶನಿವಾರ ನನ್ನಲ್ಲಿಗೆ, ಒಂದು ಶನಿವಾರ ಅವಳಲ್ಲಿಗೆ. ನನ್ನಲ್ಲಿಗೆ ಬಂದಾಗ ನನ್ನ ಕುರ್ಚಿಯಲ್ಲಿ ಕೂತು, ಮಳೆಯಲ್ಲಿ ಕಟ್ಟು ಹೊತ್ತು ತಂದ ನನ್ನ ದೊಡ್ಡ ಮನಸ್ಸಿನ ಕಥೆಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾರೆ. ನಾನು ಚಾ ತರುವ ನೆವದಲ್ಲಿ ಎದ್ದು ಹೋಗುತ್ತೇನೆ.

ಮೂಟೆ ಅವಳ ಹೆಸರಿಗೆ ಬರುತ್ತದೆ. ಬಸ್ಸು ಬಂದ ಅರ್ಧ ಗಂಟೆಯೊಳಗೆ ನನ್ನ ಕಟ್ಟು, ವಿತರಕರು ಹಾಕಿದ ಗಂಟಿನ ಸಮೇತ, ನನ್ನ ಮೇಜಿನ ಮೇಲೆ ಇರುತ್ತದೆ. ವರ್ಷವಾಗುತ್ತ ಬಂತು, ಒಂದು ಸಲವೂ ತಡವಾಗಿಲ್ಲ. ಒಮ್ಮೆಯಾದರೂ ತಡವಾಗಲಿ ಎಂದು ನಾನು ಪ್ರತಿ ಬುಧವಾರ ಬಾಗಿಲಲ್ಲಿ ನಿಂತು ಕಾಯುತ್ತೇನೆ.